ಮೊದಲ ದಿನದ ಅಳತೆ

ಹೊಲಿಗೆ ತರಬೇತಿ ಕೇಂದ್ರದಲ್ಲಿ ಹದಿನೆಂಟು ವರ್ಷ ಸಹಾಯಕಿಯಾಗಿಯೇ ಉಳಿದಿದ್ದ ಟೈಲರಮ್ಮನಿಗೆ ಟೀಚರ್ ಕೆಲಸ ಸಿಗಬೇಕಾದರೆ ಡಿಗ್ರಿ ಬೇಕಿತ್ತು. ಅದಕ್ಕೆಂದೇ ನಲವತ್ತು ದಾಟಿದ ಮೇಲೆ ಕಾಲೇಜು ಸೇರಿ, ಇತಿಹಾಸ, ಅರ್ಥಶಾಸ್ತ್ರಗಳನ್ನೆಲ್ಲ ಹಲ್ಲು ಕಚ್ಚಿ ಮುಗಿಸಿದಳು. ಕೊನೆಗೆ ಉಳಿದದ್ದು ವ್ಯಾಯಾಮದ ಕ್ಲಾಸು. ಅದರಲ್ಲಿ ಪಾಸಾಗದಿದ್ದರೆ ಡಿಗ್ರಿ ಇಲ್ಲ, ಟೀಚರ್ ಕೆಲಸವೂ ಇಲ್ಲ.

ಕಾಜಾ ಹಾಕುವುದನ್ನು ಕಲಿಸುವವಳು ಮೈದಾನದಲ್ಲಿ ಯಾಕೆ ಓಡಬೇಕು ಎಂಬುದರ ತಲೆಬುಡ ಅವಳಿಗೆ ತಿಳಿಯಲಿಲ್ಲ. ಅವಳ ಕಾಲಿಗೆ ಗೊತ್ತಿದ್ದ ವ್ಯಾಯಾಮವೆಂದರೆ ಮಷೀನು ತುಳಿಯುವುದು. ಅದೂ ಕೂತುಕೊಂಡು.

ಮೊದಲ ದಿನ ಪಿಟಿ ಮೇಷ್ಟ್ರು ಮೈದಾನಕ್ಕೆ ನಾಲ್ಕು ಸುತ್ತು ಓಡಲು ಹೇಳಿದರು. "ಯಾರ್ಯಾರಿಗೆ ಎಷ್ಟು ಹೊತ್ತಾಗುತ್ತೆ ಅಂತ ಅಳತೆ ತಗೋತೀನಿ, ಅಷ್ಟೇ."

ಅಳತೆ ಎಂದ ಮೇಲೆ ಮುಗಿಯಿತು. ಮೊದಲ ಅಳತೆಯಲ್ಲಿ ಅರ್ಧ ಇಂಚು ತಪ್ಪಿದರೂ ಇಡೀ ಬಟ್ಟೆ ಹಾಳು ಎಂದು ನಂಬಿ ಬದುಕಿದವಳು ಅವಳು. ಸೆರಗು ಸಿಕ್ಕಿಸಿ ಜೀವ ಬಿಟ್ಟು ಓಡಿದಳು. ಹದಿನೇಳು ನಿಮಿಷ ನಲವತ್ತು ಸೆಕೆಂಡು. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಇಪ್ಪತ್ತರ ಹುಡುಗಿಯರೆಲ್ಲ ಹರಟೆ ಹೊಡೆಯುತ್ತ ಇನ್ನೂ ಮೂರನೆಯ ಸುತ್ತಿನಲ್ಲಿದ್ದರು. ಜನ್ಮದಲ್ಲಿ ಓಡದವಳು ಓಟದಲ್ಲಿ ಮೊದಲಿಗಳಾಗಿದ್ದಳು. ಅವಳಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು.

ಎಲ್ಲರೂ ಬಂದ ಮೇಲೆ ಮೇಷ್ಟ್ರು ಹೇಳಿದರು: "ಮೂರು ತಿಂಗಳಾದ್ಮೇಲೆ ಮತ್ತೆ ಓಡ್ಬೇಕು. ಇವತ್ತಿಗಿಂತ ಬೇಗ ಮುಗಿಸಿದೋರು ಪಾಸು."

"ಮೊದಲ್ನೇ ದಿನ ಯಾರಾದ್ರೂ ಓಡ್ತಾರಾ ಆಂಟಿ? ಸೀನಿಯರ್ಸ್ ಹೇಳ್ಲಿಲ್ವಾ?" ಎಂದಳು ಪಕ್ಕದ ಕನ್ನಡಕದ ಹುಡುಗಿ.

ಟೈಲರಮ್ಮನಿಗೆ ಸೀನಿಯರ್ ಯಾರು? ಅಲ್ಲಿ ಅವಳಿಗಿಂತ ಹಿರಿಯದೆಂದರೆ ಮೂಲೆಯ ಮರವೊಂದೇ. ನಿಧಾನವಾಗಿ ನಡೆದವರು ಜಾಣರು, ಓಡಿದವಳು ಪೆದ್ದಿ. ಇದು ಯಾವ ಲೆಕ್ಕ ಎಂದು ರಾತ್ರಿಯೆಲ್ಲ ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ಮೂರು ತಿಂಗಳು ಬಗ್ಗಿದಳು, ಎದ್ದಳು, ಬಸ್ಕಿ ಹೊಡೆದಳು. ಮಂಡಿ ಹಿಡಿದುಕೊಂಡಿತು. ತಾನು ಗಟ್ಟಿಯಾಗುತ್ತಿದ್ದೇನೋ ಸವೆಯುತ್ತಿದ್ದೇನೋ ಅವಳಿಗೆ ಗೊತ್ತಾಗಲಿಲ್ಲ.

ಕೊನೆಯ ದಿನ ಹುಡುಗಿಯರೆಲ್ಲ ಹನ್ನೆರಡು, ಹದಿಮೂರು ನಿಮಿಷಕ್ಕೆ ಮುಗಿಸಿ ನೀರು ಕುಡಿಯುತ್ತ ನಿಂತಿದ್ದರು. ಟೈಲರಮ್ಮ ಏದುಸಿರು ಬಿಡುತ್ತ ಎಲ್ಲರಿಗಿಂತ ಕೊನೆಗೆ ಬಂದಳು. ಮೇಷ್ಟ್ರು ಗಡಿಯಾರ ನೋಡಿದರು, ಅವಳ ಮುಖ ನೋಡಿದರು, ಮತ್ತೆ ಗಡಿಯಾರ ನೋಡಿದರು.

"ಹದಿನೇಳು ಮೂವತ್ತೆಂಟು. ಪಾಸು ಮೇಡಂ."

"ಎರಡೇ ಸೆಕೆಂಡಾ ಸರ್? ಸರಿಯಾಗಿ ನೋಡಿದ್ರಾ?"

"ಪಾಸು ಅಂದ್ನಲ್ಲ. ಮನೆಗೆ ಹೋಗಿ," ಎಂದು ಅವರು ಪುಸ್ತಕ ಮುಚ್ಚಿಬಿಟ್ಟರು.

ಮನೆಯಲ್ಲಿ ಗಂಡ, ಮಗಳು ಕುಣಿದಾಡಿದರು. ಅವಳಿಗೆ ಮಾತ್ರ ಆ ಎರಡು ಸೆಕೆಂಡಿನದೇ ಯೋಚನೆ. ನಿಜವಾಗಿ ಓಡಿದೆನೋ, ಪಾಪ ಎಂದು ದಾಟಿಸಿದರೋ? ಪಾಪ ಎಂದು ಸಿಕ್ಕ ಡಿಗ್ರಿ ಹಿಡಿದು, ಅಳತೆ ಸರಿಯಿರಲಿ ಎಂದು ಹೊಲಿಗೆ ಕಲಿಯುವ ಮಕ್ಕಳಿಗೆ ಯಾವ ಬಾಯಲ್ಲಿ ಹೇಳುವುದು? ಕೇಳಿದರೆ ಮೇಷ್ಟ್ರು ಹೇಳುವವರಲ್ಲ.

ಭಾನುವಾರ ಬೆಳಿಗ್ಗೆ ಮಗಳನ್ನು ಎಬ್ಬಿಸಿ, ಅವಳ ಕೈಗೆ ಮೊಬೈಲು ಕೊಟ್ಟು ಮೈದಾನಕ್ಕೆ ಕರೆತಂದಳು. ನಾಲ್ಕು ಸುತ್ತು ಓಡಿ ಬಂದು ಮಂಡಿ ಹಿಡಿದು ನಿಂತಳು.

"ಎಷ್ಟು?"

ಮಗಳು ಮೊಬೈಲನ್ನು ಬೆನ್ನ ಹಿಂದೆ ಹಿಡಿದಳು. "ಹದಿನೇಳೂವರೆ ಅಮ್ಮ."

"ತೋರ್ಸು."

ಹದಿನೆಂಟು ನಿಮಿಷ ನಾಲ್ಕು ಸೆಕೆಂಡು.

"ಅವತ್ತು ಬೇಗ ಓಡಿರ್ತೀಯ ಬಿಡಮ್ಮ. ಇವತ್ತು ಸುಸ್ತಾಗಿದೆ, ಅಷ್ಟೇ."

"ಇರಬಹುದು. ಇಲ್ದೇನೂ ಇರಬಹುದು," ಎಂದಳು ಟೈಲರಮ್ಮ. ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡು, ಸೆರಗು ಸಿಕ್ಕಿಸಿ, ಮತ್ತೆ ಗೆರೆಯ ಹತ್ತಿರ ಹೋಗಿ ನಿಂತಳು.

"ಒತ್ತು. ಈ ಸಲ ಸುಳ್ಳು ಹೇಳ್ಬೇಡ."