ಇಟಲಿ ಭಾಗವತರ ಮಕ್ಕಳ ಹೆಸರು

ಚೀಟಿ ಎತ್ತುವ ವಿಷಯದಲ್ಲಿ ನನ್ನ ಕೈಯಷ್ಟು ನಿರ್ಭಾಗ್ಯವಾದ ಕೈ ಸಾಗರ ಪೇಟೆಯಲ್ಲಿ ಇನ್ನೊಂದು ಇರಲಾರದು. ಬುಟ್ಟಿ ತುಂಬ ಮಾವಿನಹಣ್ಣಿದ್ದರೂ ನಾನು ಕೈ ಹಾಕಿದಾಗ ಹುಳುಕಿನದೇ ಮೊದಲು ಪ್ರೀತಿಯಿಂದ ಬೆರಳಿಗೆ ಸಿಗುತ್ತದೆ. ಆದ್ದರಿಂದ ನಮ್ಮ ಮಹಿಳಾ ಸಮಾಜದ ಅಧ್ಯಕ್ಷಿಣಿಯವರು ‘ಲೋಕದ ಮಹನೀಯರು’ ಎಂಬ ಭಾಷಣಮಾಲೆಗೆಂದು ಹಿತ್ತಾಳೆ ತಂಬಿಗೆಯಲ್ಲಿ ಚೀಟಿಗಳನ್ನು ಕುಲುಕಿ ನನ್ನ ಮುಂದೆ ಹಿಡಿದಾಗ, ಅದರೊಳಗಿನ ಅತ್ಯಂತ ದುರ್ಗಮವಾದ ಮಹನೀಯನೇ ನನ್ನನ್ನು ವರಿಸುವನೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಒಬ್ಬರಿಗೆ ಸಂತ ಬಂದ, ಒಬ್ಬರಿಗೆ ಚಕ್ರವರ್ತಿ ಬಂದ, ಪಕ್ಕದ ಮನೆಯವರಿಗೆ ಗಾಯಾಳುಗಳನ್ನು ಉಪಚರಿಸಿದ ದಾದಿ ಬಂದಳು. ನನಗೆ ಬಂದವನು ಇಟಲಿಯ ಒಬ್ಬ ಒಪೆರಾ ಸಂಗೀತಗಾರ.

ಅವನ ಹೆಸರನ್ನು ಇಲ್ಲಿ ಬರೆಯುವ ಧೈರ್ಯ ಮಾಡುವುದಿಲ್ಲ. ನಾನು ಉಚ್ಚರಿಸಿದಂತೆ ಬರೆದರೆ ಇಟಲಿಯವರಿಗೆ ಅಪಚಾರ, ಅವರು ಉಚ್ಚರಿಸುವಂತೆ ಬರೆಯಲು ನನಗೆ ಬಾರದು. ಅರವತ್ತರ ದಶಕದ ಮೊದಲ ವರ್ಷಗಳು ಅವು. ಶರಾವತಿ ಯೋಜನೆಗೆಂದು ಊರಿಗೆ ಬಂದ ಎಂಜಿನಿಯರರೊಬ್ಬರ ಪತ್ನಿಯಾದ ನಮ್ಮ ಅಧ್ಯಕ್ಷಿಣಿಯವರಿಗೆ ಮಾತ್ರ ಆ ಹೆಸರು ನಾಲಗೆಯ ಮೇಲೆ ನೀರಿನಂತೆ ಹರಿಯುತ್ತಿತ್ತು.

ನನ್ನ ವಿದ್ಯೆ ಎಸ್‌.ಎಸ್‌.ಎಲ್‌.ಸಿ.ಯ ಆಚೆ ದಡ ಮುಟ್ಟಿದ್ದಲ್ಲ. ಪುರಸಭೆಯ ವಾಚನಾಲಯದಲ್ಲಿ ಗೆದ್ದಲಿನ ಕೃಪೆಯಿಂದ ಉಳಿದುಕೊಂಡಿದ್ದ ಇಂಗ್ಲಿಷ್ ವಿಶ್ವಕೋಶದ ಒಂದು ಸಂಪುಟವನ್ನು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ ನಮ್ಮ ಯಜಮಾನರು ಮನೆಗೆ ತಂದುಕೊಟ್ಟರು. ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು, ಕಲ್ಲಿನಿಂದ ಕಲ್ಲಿಗೆ ಹಾರಿ ಹಳ್ಳ ದಾಟುವವಳಂತೆ ಪದದಿಂದ ಪದಕ್ಕೆ ಹಾರುತ್ತ, ಒಂದು ವಾರದಲ್ಲಿ ಒಂದೂವರೆ ಪುಟ ದಾಟಿದೆ. ಹಾಡಿನ ವಿಷಯ ಓದಿದೆನೇ ಹೊರತು ಹಾಡು ಕೇಳಿರಲಿಲ್ಲ. ಕೇಳದೆ ಮಾತಾಡುವುದು ಹೇಗೆ? ಯುದ್ಧಕಾಲದಲ್ಲಿ ಸೈನ್ಯದ ಜೊತೆ ಇಟಲಿಗೆ ಹೋಗಿದ್ದ ನಿವೃತ್ತ ಡಾಕ್ಟರೊಬ್ಬರು ತೀರ್ಥಹಳ್ಳಿಯಲ್ಲಿದ್ದಾರೆ, ಅಲ್ಲಿಂದ ತಂದ ಗ್ರಾಮಫೋನ್ ಪ್ಲೇಟುಗಳನ್ನು ಇನ್ನೂ ಇಟ್ಟುಕೊಂಡಿದ್ದಾರೆ ಎಂದು ಯಜಮಾನರೇ ಪತ್ತೆ ಹಚ್ಚಿ, ಅವರಿಗೆ ಕಾರ್ಡು ಬರೆದು ಒಪ್ಪಿಗೆಯನ್ನೂ ತರಿಸಿಕೊಂಡರು.

ಸೊಸೆ ಪರಸ್ಥಳಕ್ಕೆ ಒಬ್ಬಳೇ ಹೋಗುವುದು ಬೇಡವೆಂದು ಅತ್ತೆ ಹೊರಟು ನಿಂತರು. ನಮ್ಮ ಅತ್ತೆ ಅಕ್ಷರ ಬಾರದವರು, ಮಿತಭಾಷಿ, ಕೇರಿಯಲ್ಲಿ ಯಾರ ಹಂಗಿಗೂ ಬೀಳದವರು. ಆದರೆ ಹೊರಡುವ ಮುನ್ನ ಪಕ್ಕದ ಮನೆಯಲ್ಲಿ ಬೀಗದ ಕೈ ಕೊಡುವಾಗ, ‘ಒಪೆರಾ’ಕ್ಕೆ ಹೋಗುತ್ತಿದ್ದೇವೆ ಎನ್ನುವ ಬದಲು ತಮಗೆ ಗೊತ್ತಿದ್ದ ಹತ್ತಿರದ ಶಬ್ದವನ್ನು ಬಳಸಿಬಿಟ್ಟರು. ತೀರ್ಥಹಳ್ಳಿ, ಡಾಕ್ಟರು, ಆಪರೇಷನ್ನು! ಬಸ್ ಸ್ಟ್ಯಾಂಡಿನಲ್ಲಿ ನಾವು ಬಸ್ಸು ಹತ್ತುವಷ್ಟರಲ್ಲಿ ಪಕ್ಕದ ಮನೆಯಾಕೆ ಓಡಿಬಂದು ನನ್ನ ಕೈಗೆ ಒಂದು ಪೌಂಡು ಬ್ರೆಡ್ಡು ಕೊಟ್ಟು, “ಧೈರ್ಯ ತಗೋ ಮಾರಾಯ್ತಿ, ಎಲ್ಲ ಸರಿಯಾಗ್ತದೆ” ಎಂದು ಕಣ್ಣೊರೆಸಿಕೊಂಡಳು. ಅರ್ಥ ಮಾಡಿಸುವಷ್ಟರಲ್ಲಿ ಬಸ್ಸು ಹೊರಟಿತು. ಬ್ರೆಡ್ಡು ಮಾತ್ರ ಚೆನ್ನಾಗಿತ್ತು.

ಹೊಸನಗರದಲ್ಲಿ ಇಳಿದು ತೀರ್ಥಹಳ್ಳಿಯ ಬಸ್ಸಿಗಾಗಿ ಕಾಯಬೇಕಿತ್ತು. ಕಾಯುವಾಗ ಅತ್ತೆ, “ಹಾಡು ಆಮೇಲೆ ಕೇಳಾಣ. ಅವ್ರು ಯಾರ ಮಗ, ಎಂತ ಕತೆ, ಅದನ್ನ ಹೇಳು” ಎಂದರು.

ಹೇಳಿದೆ. ಹಳ್ಳಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದವನ ಮಗ. ಕಲಿಯಲು ಪಟ್ಟಣಕ್ಕೆ ಹೋದರೆ ಸಂಗೀತಶಾಲೆಯವರು ಸೇರಿಸಿಕೊಳ್ಳಲಿಲ್ಲ. ಹೇಗೋ ಕಲಿತ, ಮದುವೆಯಾದ, ಒಂದು ಹೆಣ್ಣು, ಒಂದು ಗಂಡು ಹುಟ್ಟಿದವು. ಹಾಡುಗಳಿಂದಲೇ ಕಟ್ಟಿದ ನಾಟಕಗಳನ್ನು ಬರೆಯುವುದು ಅವನ ಕಸುಬು. ಅಷ್ಟರಲ್ಲಿ ಮಗಳು ಹೋದಳು, ಆಮೇಲೆ ಮಗ ಹೋದ, ಅದರ ಹಿಂದೆಯೇ ಹೆಂಡತಿಯೂ ಹೋದಳು. ಆ ದುಃಖದ ನಡುವೆಯೇ ಒಪ್ಪಿಕೊಂಡಿದ್ದ ಹಾಸ್ಯನಾಟಕವೊಂದನ್ನು ಬರೆದು ಮುಗಿಸಿದ. ಜನ ಅದನ್ನು ಕೂಗಿ ಗೇಲಿ ಮಾಡಿದರು. ಇನ್ನು ಸಂಗೀತವೇ ಬೇಡವೆಂದು ಕೋಣೆ ಸೇರಿದ.

“ಆ ಮಕ್ಕಳ ಹೆಸರೆಂತ?” ಎಂದರು ಅತ್ತೆ.

“ಪುಸ್ತಕದಲ್ಲಿ ಬರೆದಿಲ್ಲ ಅತ್ತೆ.”

“ತಲೆದಿಂಬಿನಷ್ಟು ದಪ್ಪ ಪುಸ್ತಕ. ಎರಡು ಮಕ್ಕಳ ಹೆಸರಿಗೆ ಜಾಗ ಇರ್ಲಿಲ್ವನೇ?”

ಅತ್ತೆಗೆ ನಮ್ಮ ಯಜಮಾನರಿಗಿಂತ ಮುಂಚೆ ಹುಟ್ಟಿದ ಮಕ್ಕಳಿದ್ದವು, ಚಳಿಜ್ವರದಲ್ಲಿ ಹೋದವು ಎಂಬುದನ್ನು ಸಂಬಂಧಿಕರ ಬಾಯಲ್ಲಿ ಕೇಳಿದ್ದೆ. ಎಷ್ಟು ಮಕ್ಕಳು, ಏನು ಹೆಸರು, ಒಂದೂ ಗೊತ್ತಿರಲಿಲ್ಲ. ನಾನು ಆ ಮನೆ ಸೇರಿ ಆರು ವರ್ಷವಾಗಿತ್ತು. ದಪ್ಪ ಪುಸ್ತಕವನ್ನು ಮಾತ್ರ ದೂರುವುದು ಹೇಗೆ?

“ಆಮೇಲೆ?” ಎಂದರು ಅತ್ತೆ.

“ಆಮೇಲೆ ನಾಟಕ ಆಡಿಸೋ ಒಬ್ಬ ಯಜಮಾನ ಬೀದೀಲಿ ಸಿಕ್ಕಿ, ಬೇಡ ಬೇಡ ಅಂದ್ರೂ ಹೊಸ ನಾಟಕದ ಹಾಳೆಗಳನ್ನ ಬಲವಂತವಾಗಿ ಕೊಟ್ಟು ಕಳಿಸಿದ್ನಂತೆ. ಮನೆಗೆ ಬಂದು ಎಸೆದ್ರೆ ಹಾಳೆ ಬಿಚ್ಕೊಳ್ತು. ಕಣ್ಣಿಗೆ ಬಿದ್ದಿದ್ದನ್ನ ಓದಿದ್ರು. ಮತ್ತೆ ಬರೆಯೋಕೆ ಹಿಡಿದ್ರು.”

“ಪುಣ್ಯಾತ್ಮ,” ಎಂದರು ಅತ್ತೆ. ಸಂಗೀತಗಾರನನ್ನಲ್ಲ, ಹಾಳೆ ಕೊಟ್ಟವನನ್ನು. “ನಮ್ಗೆಲ್ಲ ಹಂಗೆ ಯಾರೂ ಸಿಗ್ಲಿಲ್ಲ. ಮರ್ತುಬಿಡು, ಮಾತೆತ್ತಬೇಡ ಅಂದೋರೇ ಎಲ್ಲ.”

ಬಸ್ಸು ಬಂತು. ತೀರ್ಥಹಳ್ಳಿಯವರೆಗೂ ಅವರು ಕಿಟಕಿಯ ಕಡೆಗೇ ನೋಡುತ್ತಿದ್ದರು.

ಡಾಕ್ಟರು ಸಂತೋಷದ ಮನುಷ್ಯ. ಕೇಳುವವರು ಸಿಕ್ಕರೆಂಬ ಉತ್ಸಾಹದಲ್ಲಿ ಪಂಚೆಯ ತುದಿಯಿಂದಲೇ ಪ್ಲೇಟಿನ ಧೂಳು ಒರೆಸಿ, ಕೀಲಿ ತಿರುಗಿಸಿ, ಮುಳ್ಳು ಇಳಿಸಿದರು. ಮೊದಲು ಕಡಲೆ ಹುರಿದಂಥ ಸದ್ದು, ಅದರೊಳಗಿಂದ ಒಬ್ಬಳು ಹೆಂಗಸಿನ ಧ್ವನಿ ಎದ್ದಿತು. ಏರಿತು, ಇನ್ನೂ ಏರಿತು, ಇನ್ನು ಏರಲು ಜಾಗವಿಲ್ಲವೆಂದುಕೊಂಡಾಗ ಮತ್ತೂ ಏರಿತು. ನಾನು ಮೆಚ್ಚುಗೆಯ ಮುಖ ಮಾಡಿಕೊಂಡು ಕುಳಿತಿದ್ದೆ. ಅದರೊಳಗೆ ಮೆಚ್ಚುಗೆ ಇತ್ತೋ ಗಾಬರಿಯಿತ್ತೋ ನನಗೇ ತಿಳಿಯದು.

“ಇವಳಿಗೆ ಎಂತಾಗಿದೆ ಡಾಕ್ಟ್ರೇ?” ಎಂದು ಅತ್ತೆ ನೇರವಾಗಿ ಕೇಳಿದರು.

“ಕ್ಷಯ. ಇನ್ನೇನು ಸಾಯ್ತಾಳೆ ಅಮ್ಮ.”

“ಕ್ಷಯದವ್ರಿಗೆ ಇಷ್ಟು ಉಸಿರು ಎಲ್ಲಿಂದ ಬಂತು?”

ಡಾಕ್ಟರು ಜೋರಾಗಿ ನಕ್ಕರು. “ನಂಗೂ ಅದೇ ಅನುಮಾನ! ಆದ್ರೆ ಪ್ಲೇಟು ಮುಗಿಯೋವರೆಗೂ ಅದು ನೆನಪಾಗೋದಿಲ್ಲ ನೋಡಿ.”

“ಸರಿ ಬಿಡಿ. ನಮ್ಮ ಯಕ್ಷಗಾನದಲ್ಲೂ ಬಾಣ ತಾಗಿದ ಮೇಲೇ ಅಲ್ವಾ ಕುಣಿತ ಜಾಸ್ತಿ?” ಎಂದು ಅತ್ತೆ ಆ ಹೆಂಗಸಿಗೆ ಕ್ಷಮಾದಾನ ಮಾಡಿದರು. ಹಾಡು ಕಟ್ಟಿದವನಿಗೆ ‘ಇಟಲಿ ಭಾಗವತರು’ ಎಂಬ ಹೆಸರೂ ಆಗಲೇ ಬಿತ್ತು.

ಎರಡನೆಯ ಪ್ಲೇಟು ಬೇರೆಯದು. ನೂರಾರು ಜನ ಒಟ್ಟಾಗಿ, ಮೆಲ್ಲಗೆ ಎತ್ತಿಕೊಂಡ ಹಾಡು. ನಾಡು ಕಳೆದುಕೊಂಡವರು ತಮ್ಮ ನೆಲವನ್ನು ನೆನೆಯುತ್ತಿದ್ದಾರೆ, ಕೋಣೆ ಸೇರಿದ್ದವರು ಮತ್ತೆ ಎದ್ದು ಬರೆದ ನಾಟಕದ್ದೇ ಇದು ಎಂದು ಡಾಕ್ಟರು ವಿವರಿಸಿದರು. “ಮುಳುಗಡೆಯೋರ ಹಂಗೆ,” ಎಂದರು ಅತ್ತೆ, ಅಣೆಕಟ್ಟೆಯ ನೀರಿಗೆ ಊರು ಬಿಟ್ಟು ಎತ್ತಿನ ಗಾಡಿಯಲ್ಲಿ ನಮ್ಮ ಬೀದಿ ಹಾದುಹೋದವರನ್ನು ನೆನೆದು. ಅದನ್ನು ಮತ್ತೆ ಹಾಕಿಸಿ ಕೇಳಿದರು. ಭಾಗವತರು ಹಣ ಮಾಡಿ ಹೊಲ ಕೊಂಡು ಬೇಸಾಯ ಮಾಡಿದ್ದು, ಎಂಬತ್ತರ ಹೊಸ್ತಿಲಲ್ಲಿ ಮತ್ತೊಂದು ಹಾಸ್ಯನಾಟಕ ಬರೆದು ಈ ಸಲ ಗೆದ್ದದ್ದು, ದಿಕ್ಕಿಲ್ಲದ ಮುದಿ ಹಾಡುಗಾರರಿಗೆಂದು ದೊಡ್ಡ ಮನೆ ಕಟ್ಟಿಸಿದ್ದು, ಕೊನೆಯ ದಿನಗಳಲ್ಲಿ ಗಾಡಿಗಳ ಸದ್ದು ಅವರನ್ನು ಕಾಡದಿರಲೆಂದು ಊರವರು ಬೀದಿಗೆ ಹುಲ್ಲು ಹಾಸಿದ್ದು, ಎಲ್ಲವನ್ನೂ ಡಾಕ್ಟರು ಹೇಳಿದರು. ಮಕ್ಕಳ ಹೆಸರು ಅವರಿಗೂ ಗೊತ್ತಿರಲಿಲ್ಲ.

ಭಾಷಣದ ದಿನ ನಾನು ಒಂಬತ್ತು ಹಾಳೆ ಬರೆದುಕೊಂಡು ಹೋದೆ. ಮೊದಲ ವಾಕ್ಯದಲ್ಲೇ ಮಹನೀಯನ ಹೆಸರಿತ್ತು. ಓದಿದೆ. ಅಧ್ಯಕ್ಷಿಣಿಯವರು ಮುಗುಳ್ನಗುತ್ತ ತಿದ್ದಿದರು. ಎರಡನೆಯ ಸಲ ಓದಿದೆ, ಮತ್ತೆ ತಿದ್ದಿದರು. ಅವನ ಊರಿನ ಹೆಸರಿಗೆ ಬರುವಷ್ಟರಲ್ಲಿ ಅಕ್ಷರಗಳೆಲ್ಲ ಇರುವೆಗಳಂತೆ ಹರಿದಾಡತೊಡಗಿ, ನನ್ನ ಧ್ವನಿ ನಿಂತೇಹೋಯಿತು. ಸಭೆಯಲ್ಲಿ ಯಾರೋ ಕಿಸಕ್ಕೆಂದರು.

ಹಿಂದಿನ ಚಾಪೆಯಿಂದ ಅತ್ತೆ ಎದ್ದು ಬಂದರು. “ಸರೋಜ, ನೀ ಕೂತ್ಕ. ಅವ್ರ ವಿಷ್ಯ ನಂಗೊತ್ತುಂಟು.”

ಸೆರಗು ಹೊದ್ದುಕೊಂಡು ಅವರು ಹೇಳಿದ ರೀತಿಯನ್ನು ನಾನು ಬರೆದು ತೋರಿಸಲಾರೆ. ಆನಂದಪುರದಲ್ಲೋ ಹೊಸನಗರದಲ್ಲೋ ಇದ್ದ ನೆಂಟರೊಬ್ಬರ ಸುದ್ದಿ ಹೇಳಿದಂತೆ ಹೇಳಿದರು. ಅಂಗಡಿಯವನ ಮಗ, ಶಾಲೆಯವರ ತಿರಸ್ಕಾರ, ಒಬ್ಬರ ಹಿಂದೊಬ್ಬರಂತೆ ಹೋದ ಮೂವರು. ಹಾಳೆ ಕೊಟ್ಟ ಪುಣ್ಯಾತ್ಮನ ಪ್ರಸಂಗಕ್ಕೆ ಬರುವಾಗ ಕಿಸಕ್ಕೆಂದವರು ಮೂಗೊರೆಸಿಕೊಳ್ಳುತ್ತಿದ್ದರು. ಕೊನೆಗೆ ಹೇಳಿದರು:

“ಅವ್ರ ಮಕ್ಕಳ ಹೆಸರು ಯಾರೂ ಬರ್ದಿಟ್ಟಿಲ್ಲಂತೆ. ನಾನು ಎಲ್ಲಾ ಕಡೆ ಕೇಳ್ದೆ. ನನ್ನ ಮಕ್ಕಳ ಹೆಸರು ನಾಗವೇಣಿ, ಈಶ್ವರ. ಅವಳಿಗೆ ನಾಲ್ಕು ವರ್ಷ, ಅವನಿಗೆ ಒಂದೂವರೆ. ಇಲ್ಲಿ ಇಷ್ಟು ಜನ ಕೇಳಿದ್ರಲ್ಲ, ಅಷ್ಟೇ ಸಾಕು.”

ಅಧ್ಯಕ್ಷಿಣಿಯವರು ಎದ್ದು ಬಂದು ಅತ್ತೆಯ ಎರಡು ಕೈಗಳನ್ನೂ ಹಿಡಿದುಕೊಂಡು, ತಿದ್ದಲು ಏನೂ ಸಿಗದೆ, ಸುಮ್ಮನೆ ನಿಂತರು.

ನಮ್ಮನ್ನು ಕರೆದೊಯ್ಯಲು ಬಂದಿದ್ದ ಯಜಮಾನರು ಕಿಟಕಿಯ ಹೊರಗೆ ಎಲ್ಲವನ್ನೂ ಕೇಳುತ್ತ ಛತ್ರಿ ಹಿಡಿದು ನಿಂತಿದ್ದರು. ಮನೆಗೆ ಬಂದು ಛತ್ರಿಯನ್ನು ಮೂಲೆಗಿಟ್ಟು, ಅಂಗಿಯನ್ನೂ ಬದಲಿಸದೆ, ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತರು. ಮೂವತ್ನಾಲ್ಕು ವರ್ಷದ ಮನುಷ್ಯ, ಅವ್ವನ ಮುಖ ನೋಡದೆ ಕೇಳಿದರು:

“ಅವ್ವಾ, ಅಕ್ಕ ಹೆಂಗಿದ್ಲು?”

ಅತ್ತೆ ಅವರೆಕಾಯಿಯ ಮೊರವನ್ನು ಮಡಿಲಿಗೆ ಎಳೆದುಕೊಂಡರು. “ಹಟಮಾರಿ ಕಣೋ. ಉಪ್ಪಿನಕಾಯಿ ಕೊಡ್ದೇ ಇದ್ರೆ ಬಾಗ್ಲಿಗೆ ಅಡ್ಡ ಮಲಗೋಳು. ನಿಮ್ಮಪ್ಪ ದಾಟ್ಕೊಂಡು ಹೋಗೋದೂ ಇಲ್ಲ, ಎಬ್ಬಿಸೋದೂ ಇಲ್ಲ, ಹಂಗೇ ನಿಂತಿರೋರು…” ಎನ್ನುತ್ತ ನಗತೊಡಗಿದರು. ಯಜಮಾನರೂ ನಕ್ಕರು. ಕಾಯಿ ಸುಲಿಯುತ್ತ ಸುಲಿಯುತ್ತ ನಾಗವೇಣಿ ಜಗಲಿಯಿಂದ ಬಿದ್ದದ್ದು, ಕರುವಿನ ಜೊತೆ ಜಗಳವಾಡಿದ್ದು, ತಮ್ಮ ಹುಟ್ಟಿದಾಗ ಇವನನ್ನು ವಾಪಸು ಕೊಟ್ಟು ಬನ್ನಿ ಎಂದದ್ದು, ಒಂದೊಂದಾಗಿ ಬಂದವು. ಈಶ್ವರನ ಸರದಿ ಬರುವ ಹೊತ್ತಿಗೆ ನಾನು ಎರಡನೆಯ ಸಲ ಕಾಫಿಗೆ ನೀರಿಟ್ಟಿದ್ದೆ.