ಹಣ್ಣಿನ ಕೋಣೆಯ ಬೆಚ್ಚನೆ ಗೋಡೆ

ವಿಜ್ಞಾನ ಪ್ರತಿಭಾ ಪರೀಕ್ಷೆಯಲ್ಲಿ ನಾನು ಪಾಸಾಗುವುದು ಆಗದ ಮಾತು ಎಂದು ಮೊದಲು ಹೇಳಿದವನು ನಮ್ಮ ದೊಡ್ಡಪ್ಪ ಈರಣ್ಣ. ಕಮಲಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಬಾಳೆ ಎಲೆಯ ಕಟ್ಟಿಗೆ ನಾರು ಬಿಗಿಯುತ್ತ, ತಲೆ ಕೂಡ ಎತ್ತದೆ ಹೇಳಿದ: "ನಮ್ಮ ಮನ್ಯಾಗ ಹಣ್ಣಾಗೋದು ಬಾಳೆಕಾಯಿ ಒಂದ. ಹುಡುಗ್ರ ತಲಿ ಅಲ್ಲ." ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇವತ್ತು ಬಿಸಿಲು ಜೋರು ಎನ್ನುವಷ್ಟು ಸಹಜವಾಗಿ ಹೇಳಿದ್ದ. ಅದಕ್ಕೇ ಅದು ನನಗೆ ಹೆಚ್ಚು ನಾಟಿತು.

ಮೊನ್ನೆ ಕಂಪ್ಲಿಯಿಂದ ಹೊಸಪೇಟೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ಗದ್ದೆ ಕೊಯ್ಲಾದ ಕಾಲ. ದಾರಿಯ ಪಕ್ಕದಲ್ಲಿ ಯಾರೋ ಹಸಿ ಹುಲ್ಲಿಗೆ ಬೆಂಕಿ ಇಟ್ಟಿದ್ದರು. ಉರಿಯಲಾರದೆ ಅದು ಬರೀ ಹೊಗೆಯಾಡುತ್ತಿತ್ತು. ಮುಂದಿನ ಸೀಟಿನ ಹೆಂಗಸಿನ ಬುಟ್ಟಿಯಲ್ಲಿ ಚೆನ್ನಾಗಿ ಕಳಿತ ಸುಗಂಧಿ ಬಾಳೆಹಣ್ಣಿತ್ತು. ಕಿಟಕಿಯಿಂದ ಬಂದ ಹೊಗೆ, ಬುಟ್ಟಿಯ ಹಣ್ಣು, ಎರಡೂ ವಾಸನೆ ಒಂದು ಗಳಿಗೆ ಕೂಡಿಕೊಂಡವು. ಅಷ್ಟೇ. ಬಸ್ಸು, ಕಂಡಕ್ಟರ್, ತೊಡೆಯ ಮೇಲಿದ್ದ ಬ್ಯಾಗು ಯಾವುದೂ ಇಲ್ಲವಾಗಿ, ನಾನು ಅಜ್ಜಿಯ ಹಣ್ಣಿನ ಕೋಣೆಯ ಮುಂದೆ, ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದೆ. ನಿಮಗೂ ಇಂಥದೊಂದು ವಾಸನೆ ಇರುತ್ತದೆ. ಅದು ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕೂರಬೇಕಾಗುತ್ತದೆ.

ಆ ಕೋಣೆ ನಮ್ಮ ಮನೆಯ ಹಿತ್ತಲಿನಲ್ಲಿತ್ತು. ದಪ್ಪ ಮಣ್ಣಿನ ಗೋಡೆ, ಕಿಟಕಿ ಇಲ್ಲ, ಬಗ್ಗಿ ಹೋಗಬೇಕಾದ ಒಂದೇ ಬಾಗಿಲು. ತೋಟಗಳಿಂದ ಬಂದ ಗೊನೆಗಳನ್ನು ಅಜ್ಜಿ ಒಳಗೆ ಒತ್ತೊತ್ತಾಗಿ ನಿಲ್ಲಿಸಿ, ಒಣಗಿದ ಬಾಳೆ ಎಲೆ ಹೊದಿಸುತ್ತಿದ್ದಳು, ಥೇಟು ಮಕ್ಕಳಿಗೆ ಕೌದಿ ಹೊದಿಸಿದ ಹಾಗೆ. ಮೂಲೆಯಲ್ಲಿ ಒಡಕು ಮಡಕೆ ಇಟ್ಟು, ಅದರಲ್ಲಿ ಸಗಣಿಯ ಕುಳ್ಳು, ಹುಲ್ಲು ಹಾಕಿ ಹೊಗೆ ಎಬ್ಬಿಸುವಳು. ಆಮೇಲೆ ಬಾಗಿಲು ಮುಚ್ಚಿ, ಸಂದುಗಳಿಗೆಲ್ಲ ಸಗಣಿ ಮಣ್ಣು ಮೆತ್ತುವಳು. ಮೆತ್ತಿದ ಕೈಯ ಐದು ಬೆರಳಿನ ಗುರುತು ಬಾಗಿಲಿನ ಅಂಚಿನುದ್ದಕ್ಕೂ ಹಾಗೇ ಉಳಿಯುತ್ತಿತ್ತು. ಕಾಯಿ ಹಣ್ಣಾಗುವವರೆಗೆ ಆ ಬಾಗಿಲನ್ನು ಯಾರೂ ಮುಟ್ಟುವಂತಿರಲಿಲ್ಲ.

ಮುಟ್ಟುವುದಿರಲಿ, ಕೇಳುವಂತೆಯೂ ಇರಲಿಲ್ಲ. ನಮ್ಮ ಮನೆಯ ಕಟ್ಟುನಿಟ್ಟಿನ ಕಟ್ಟಳೆ ಅದು. "ಹಣ್ಣಾದ್ವೇನು?" ಎಂದು ಬಾಯಿ ತಪ್ಪಿ ಕೇಳಿದರೂ ಅಜ್ಜಿ ಕಣ್ಣು ಕೆಂಪು ಮಾಡುವಳು. "ಕೇಳಿದ್ರ ಕಾಯಿ ಸಿಟ್ಟಾಕ್ಕಾವ. ಹಂಗ ಕಲ್ಲಾಗಿ ಕುಂದರ್ತಾವ" ಎನ್ನುವಳು. ಹೊಸಪೇಟೆ ಮಾರ್ಕೆಟ್ಟಿನ ವ್ಯಾಪಾರಿ ಫೋನು ಮಾಡಿ ಮಾಲು ಯಾವಾಗ ಎಂದರೂ ಅವಳದು ಒಂದೇ ಉತ್ತರ: "ಬಾಗ್ಲಾ ಮುಚ್ಚೈತ್ರಿ." ಆ ಉತ್ತರದ ಮೇಲೆ ಯಾರೂ ಮಾತು ಬೆಳೆಸುತ್ತಿರಲಿಲ್ಲ.

ಹತ್ತನೆಯ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಡಂ ನನ್ನ ಹೆಸರನ್ನು ಆ ಪರೀಕ್ಷೆಗೆ ಕೊಟ್ಟು ಬಂದರು. ಮನೆಯಲ್ಲಿ ಹೇಳಿದಾಗ ದೊಡ್ಡಪ್ಪ ಬಾಳೆಕಾಯಿಯ ಆ ಮಾತು ಅಂದದ್ದು. ಅಷ್ಟಕ್ಕೇ ಬಿಡಲಿಲ್ಲ. ಮನೆಯ ಯಜಮಾನನಾಗಿ ಒಂದು ತೀರ್ಮಾನವನ್ನೂ ಹೇಳಿದ: "ಪಾಸಾದ್ರ ಹೊಸಪೇಟಿ ಕಾಲೇಜಿಗೆ ಹೋಗ್ಲಿ, ಸೈನ್ಸ್ ಓದ್ಲಿ. ಇಲ್ಲಾಂದ್ರ ಹತ್ತನೇತ್ತ ಸಾಕು, ಅವರವ್ವನ ಕೂಡ ಎಲಿ ಕಟ್ಲಿ." ಅಪ್ಪ ತನ್ನ ಅಣ್ಣನ ಮಾತಿಗೆ ಎಂದೂ ಎದುರಾಡಿದವನಲ್ಲ. ಅವ್ವ ನನ್ನ ಕಡೆ ನೋಡಿದಳು, ಒಲೆಯ ಕಡೆ ತಿರುಗಿದಳು. ಅಜ್ಜಿ ಮಾತ್ರ ಎದ್ದು ಹಿತ್ತಲಿಗೆ ಹೋಗಿ, ಹಣ್ಣಿನ ಕೋಣೆಯ ಮುಂದಿನ ಜಾಗ ಗುಡಿಸಿ, ಒಂದು ಗೋಣಿಚೀಲ ಹಾಸಿ ಬಂದಳು. "ಅಲ್ಲಿ ಕುಂತು ಓದು. ಅಲ್ಲಿ ಯಾರೂ ಗದ್ದಲ ಮಾಡಂಗಿಲ್ಲ."

ಮಾಗಿಯ ಚಳಿ. ಬೆಳಿಗ್ಗೆ ಎದ್ದು ಅಲ್ಲಿ ಹೋಗಿ ಕುಳಿತರೆ ಒಳಗಿನ ಕಾವಿಗೆ ಗೋಡೆ ಬೆಚ್ಚಗಿರುತ್ತಿತ್ತು. ಬೆನ್ನಿಗೆ ಆ ಬಿಸುಪು, ಮುಖಕ್ಕೆ ಕಾಲುವೆಯ ಕಡೆಯಿಂದ ಬರುವ ತಣ್ಣನೆ ಗಾಳಿ. ಮಸೂರ, ದರ್ಪಣ, ಆಮ್ಲ, ಪ್ರತ್ಯಾಮ್ಲ, ಓಮ್‌ನ ನಿಯಮ ಎಲ್ಲವನ್ನೂ ನಾನು ಕಲಿತದ್ದು ಆ ಗೋಡೆಗೆ ಒರಗಿ. ಇವತ್ತಿಗೂ ಓಮ್‌ನ ನಿಯಮ ಎಂದರೆ ನನಗೆ ಮೊದಲು ಬೆನ್ನು ಬೆಚ್ಚಗಾಗುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮೇಡಂ ತಂದುಕೊಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಒಂದು ತಾಸು ನನ್ನೊಬ್ಬಳಿಗೇ ಹೇಳಿಕೊಡುವರು. ತಪ್ಪು ಬರೆದರೆ ಬೈಯದೆ, "ಯಾಕ ಹಂಗ ಅನ್ನಿಸ್ತು ಹೇಳು" ಎಂದು ಕೇಳುವರು. ಬೈಸಿಕೊಳ್ಳುವುದಕ್ಕಿಂತ ಅದೇ ಕಷ್ಟವಾಗಿತ್ತು.

ದೊಡ್ಡಪ್ಪನಿಗೆ ಇದೆಲ್ಲ ತಮಾಷೆ. ಅವನದೊಂದು ಹಳೆಯ ಟಂಟಂ, ಮೂರು ಗಾಲಿಯ ಸಾಮಾನಿನ ಗಾಡಿ, ಇತ್ತು. ದಿನಾ ಬೆಳಿಗ್ಗೆ ಹಣ್ಣು, ಎಲೆ ಹೇರಿಕೊಂಡು ಹೊಸಪೇಟೆಗೆ ಹೋಗುವನು. ಒಂದು ದಿನ ಎಷ್ಟು ಮಾಡಿದರೂ ಅದು ಸ್ಟಾರ್ಟ್ ಆಗಲಿಲ್ಲ.

"ಲೇ ವಿಜ್ಞಾನಿ, ಬಾ ಇಲ್ಲಿ. ಇದ್ಯಾಕ ಚಾಲೂ ಆಗವಲ್ದು ಹೇಳು ನೋಡಾನ."

ನಾನು ಹೋಗಿ ಮೀಟರಿನ ಮುಳ್ಳು ನೋಡಿದೆ. "ಡೀಸೆಲ್ ಇಲ್ಲ ದೊಡ್ಡಪ್ಪ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ದೊಡ್ಡಪ್ಪ ಕ್ಯಾನ್ ಹಿಡಿದುಕೊಂಡು ಬಂಕಿನ ಕಡೆ ನಡೆದ. ಅವತ್ತಿನಿಂದ ಎಲ್ಲರ ಮುಂದೆ ನನ್ನನ್ನು ವಿಜ್ಞಾನಿ ಎಂದೇ ಕರೆಯತೊಡಗಿದ. ಚುಚ್ಚುತ್ತಿದ್ದಾನೋ ಮೆಚ್ಚುತ್ತಿದ್ದಾನೋ ತಿಳಿಯುತ್ತಿರಲಿಲ್ಲ.

ಹೊಗೆಯಲ್ಲಿ ಎಥಿಲೀನ್ ಎಂಬ ಅನಿಲವಿರುತ್ತದೆ, ಕಾಯಿ ಹಣ್ಣಾಗುವುದು ಅದರಿಂದ ಎಂದು ಮೇಡಂ ಹೇಳಿದ ದಿನ ನಾನು ಮನೆಗೆ ಓಡಿ ಬಂದಿದ್ದೆ. "ಅಜ್ಜಿ, ಕಾಯಿ ಸಿಟ್ಟಾಗೋದು ಗಿಟ್ಟಾಗೋದು ಏನೂ ಇಲ್ಲ. ಅದು ಗ್ಯಾಸು."

"ನಮ್ಮ ಮನಿಗೆ ಗ್ಯಾಸ್ ಬಂದಿದ್ದ ಹ್ವಾದ ವರ್ಷ. ನಮ್ಮತ್ತಿ ಕಾಲ್ದಾಗ ಎಲ್ಲಿ ಗ್ಯಾಸು?"

"ಆ ಗ್ಯಾಸ್ ಅಲ್ಲ ಅಜ್ಜಿ, ಹೊಗಿಯೊಳಗ ಇರತೈತಿ."

ಅಜ್ಜಿ ಕೈಯಲ್ಲಿದ್ದ ಸಗಣಿ ಮಣ್ಣಿನ ಉಂಡೆಯನ್ನು ಸಂದಿಗೆ ಒತ್ತಿದಳು. "ಇರಬೌದವಾ. ನೀ ಓದಿದಾಕಿ, ಸುಳ್ಳು ಹೇಳಂಗಿಲ್ಲ. ಆದ್ರೂ ನೀ ಕೇಳಬ್ಯಾಡ."

ಪರೀಕ್ಷೆ ಹೊಸಪೇಟೆಯಲ್ಲಿತ್ತು. ಅವತ್ತು ದೊಡ್ಡಪ್ಪ ಟಂಟಂನಲ್ಲಿ ಗೊನೆಗಳ ನಡುವೆ ನನಗೆ ಜಾಗ ಮಾಡಿ, ಕೆಳಗೆ ಹೊಸ ಎಲೆ ಹಾಸಿ ಕೂರಿಸಿದ. ಪರೀಕ್ಷೆ ಇದ್ದ ಶಾಲೆಯ ಗೇಟಿನ ಮುಂದೆ ಇಳಿಸಿ, ಗಾಡಿ ತಿರುಗಿಸಿಕೊಂಡು ಹೋದ. ಕೊಠಡಿಯಲ್ಲಿ ನಾನು ಕುಳಿತೊಡನೆ ಮುಂದಿನ ಹುಡುಗಿ ಮೂಗು ಎಳೆದು, "ಯಾರೋ ಬಾಳಿಹಣ್ಣ ತಂದಾರ ನೋಡ್ರೆ" ಎಂದಳು. ಎಲ್ಲರೂ ನಕ್ಕರು. ಹಣ್ಣು ನನ್ನ ಹತ್ತಿರ ಇರಲಿಲ್ಲ. ಆ ವಾಸನೆ ನನ್ನ ಯೂನಿಫಾರ್ಮಿನಲ್ಲಿತ್ತು, ಜಡೆಯಲ್ಲಿತ್ತು. ಮುದುಡಿ ಕುಳಿತೆ. ಪ್ರಶ್ನೆಪತ್ರಿಕೆ ಬಂತು. ಕಾದು ಕುಳಿತಿದ್ದ ಎಥಿಲೀನ್ ಪ್ರಶ್ನೆ ಬರಲೇ ಇಲ್ಲ. ಬಂದದ್ದನ್ನು ಬರೆದೆ. ತಿಳಿಯದ ಕಡೆ, ಯಾಕೆ ಹಾಗನ್ನಿಸಿತು ಎಂದು ನನ್ನನ್ನೇ ಕೇಳಿಕೊಂಡು ಬರೆದೆ.

ಮನೆಗೆ ಬಂದರೆ ಯಾರೂ ಏನೂ ಕೇಳಲಿಲ್ಲ. ಅವ್ವ ರೊಟ್ಟಿ, ಶೇಂಗಾ ಚಟ್ನಿ ಇಟ್ಟು, "ಹಸಿವಾಗಿರಬೇಕು, ಉಣ್ಣು" ಎಂದಳು. ಅಪ್ಪ ಕೈಕಾಲು ತೊಳೆದು ಬಂದು ಊಟಕ್ಕೆ ಕುಳಿತ. ದೊಡ್ಡಪ್ಪ ಮಾತ್ರ, "ಏನವಾ ವಿಜ್ಞಾನಿ, ಪೇಪರು..." ಎಂದು ಶುರು ಮಾಡಿದವನು, ಅಜ್ಜಿ ಒಮ್ಮೆ ನೋಡಿದ್ದೇ ತಡ, ಉಳಿದ ಮಾತು ನುಂಗಿ ಗಾಡಿ ಒರೆಸಲು ಹೋದ. ಮರುದಿನವೂ ಹಾಗೇ, ವಾರ ಕಳೆದರೂ ಹಾಗೇ. ನಾನು ಫೇಲ್ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ, ಇನ್ನು ನಾರು, ಎಲೆಯೇ ಗತಿ ಅಂದುಕೊಂಡೆ. ಅವ್ವನ ಪಕ್ಕದಲ್ಲಿ ಕುಳಿತು ಎಲೆಯ ಕಟ್ಟು ಬಿಗಿಯುತ್ತಿದ್ದೆ. ಒಂದು ಮಾತು, ಹೇಗಿತ್ತು ಎಂಬ ಒಂದೇ ಮಾತು ಕೇಳಿದ್ದರೆ ಎಲ್ಲವನ್ನೂ ಹೇಳಿ ಹಗುರಾಗುತ್ತಿದ್ದೆ.

ಒಂದು ಮಧ್ಯಾಹ್ನ ಒಳಗೆ ಮಲಗಿದ್ದೆ. ಕಟ್ಟೆಯ ಮೇಲೆ ನೆರೆಮನೆಯ ಹನುಮಕ್ಕ ಬಂದು ಕುಳಿತದ್ದು ಕೇಳಿಸಿತು. ಎಲೆ ಅಡಿಕೆ ಹಾಕಿಕೊಳ್ಳುತ್ತ ಅವಳು, "ಅಲ್ಲಬೇ, ನಿಮ್ಮ ಪಂಪಾ ಅದೇನೋ ದೊಡ್ಡ ಪರೀಕ್ಷಿ ಬರದಿದ್ಲಂತಲ್ಲ, ಏನಾತು?" ಎಂದಳು.

ಅಜ್ಜಿಯ ಸ್ವರ ತಗ್ಗಿತು. "ಮೆಲ್ಲಕ, ಆಕಿ ಒಳಗದಾಳ. ಬಾಗ್ಲಾ ಮುಚ್ಚೈತವಾ. ಕೇಳಬ್ಯಾಡ."

ನಾನು ಹಾಸಿಗೆಯ ಮೇಲೆ ಎದ್ದು ಕುಳಿತೆ. ಅಷ್ಟು ದಿನ ಮನೆಯವರೆಲ್ಲ ನನ್ನ ಸುತ್ತ ಮೆಲ್ಲಗೆ ನಡೆದಾಡಿದ್ದು, ಅವ್ವ ಹಾಲಿನ ಲೋಟ ತಂದಿಟ್ಟು ಮಾತಿಲ್ಲದೆ ಹೋಗಿದ್ದು, ದೊಡ್ಡಪ್ಪ ನಾಲಿಗೆ ಕಚ್ಚಿಕೊಂಡದ್ದು ಎಲ್ಲ ಒಂದೊಂದಾಗಿ ಅರ್ಥವಾಗತೊಡಗಿತು. ನನ್ನನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಎಲೆ ಹೊದಿಸಿ, ಸಂದುಗಳಿಗೆಲ್ಲ ಮಣ್ಣು ಮೆತ್ತಿ ಕಾಯುತ್ತಿದ್ದರು. ಆಮೇಲೆ ಬಹಳ ಹೊತ್ತು ಗೋಡೆಯ ಕಡೆ ತಿರುಗಿ ಮಲಗಿ ಅತ್ತೆ. ಅದು ದುಃಖದ ಅಳುವಾಗಿರಲಿಲ್ಲ.

ಈಗ ಆ ಕೋಣೆ ಇಲ್ಲ. ಗೋಡೆ ಕೆಡವಿದ ಜಾಗದಲ್ಲಿ ಸಿಮೆಂಟಿನ ಅಂಗಳವಿದೆ; ಬೈಕುಗಳು ನಿಲ್ಲುತ್ತವೆ. ಕಾಯಿಗಳೆಲ್ಲ ಹೊಸಪೇಟೆಯ ತಣ್ಣನೆ ಪೆಟ್ಟಿಗೆಯಂಥ ಕೋಣೆಗಳಿಗೆ ಹೋಗುತ್ತವೆ. ಅಲ್ಲಿ ನಿಜವಾಗಿಯೂ ಸಿಲಿಂಡರಿನಿಂದ ಗ್ಯಾಸ್ ಬಿಡುತ್ತಾರೆ. ಎಲ್ಲ ಹಣ್ಣೂ ಒಂದೇ ಬಣ್ಣಕ್ಕೆ ತಿರುಗಿ ಹೊರಬರುತ್ತವೆ, ಹೊಗೆಯ ವಾಸನೆ ಇರುವುದಿಲ್ಲ. ಅಜ್ಜಿ ಹೋದಳು. ದೊಡ್ಡಪ್ಪನೂ ಹೋದ, ಅವನ ಟಂಟಂ ಗುಜರಿಗೆ ಹೋಯಿತು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಸಿಕ್ಕಿದ್ದಲ್ಲ. ಸಂಡೂರಿನ ಗಣಿಯೊಂದರ ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡುತ್ತೇನೆ. ಒಲೆಯೊಳಗೆ ಸ್ಯಾಂಪಲ್ ಇಟ್ಟು ಬಾಗಿಲು ಮುಚ್ಚಿದ ಮೇಲೆ ಯಾರಾದರೂ "ಆಯ್ತಾ ಮೇಡಂ?" ಎಂದರೆ, ನನಗರಿವಿಲ್ಲದೆ ಬಾಯಿಯ ಮೇಲೆ ಬೆರಳು ಇಡುತ್ತೇನೆ. ಹುಡುಗರು ನಗುತ್ತಾರೆ.

ಆ ಪರೀಕ್ಷೆ ಪಾಸಾದ ಸರ್ಟಿಫಿಕೇಟು ಬಂದ ದಿನ ಶಾಲೆಯಿಂದ ಮನೆಯವರೆಗೆ ನಾನು ಅದನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದು ತಂದೆ. ಹಿತ್ತಲಿನಲ್ಲಿ ಅಜ್ಜಿ ಬಾಗಿಲು ತೆಗೆದು ಹಣ್ಣು ಹೊರಗಿಡುತ್ತಿದ್ದಳು. ಇಡೀ ಮನೆ ಘಮಘಮಿಸುತ್ತಿತ್ತು. ದೊಡ್ಡಪ್ಪ ಗೊನೆ ಇಳಿಸಿ, ಅಂಗೈ ಲುಂಗಿಗೆ ಒರೆಸಿಕೊಂಡು, ಕಾಗದವನ್ನು ಅಂಚಿನಲ್ಲಿ ಹಿಡಿದು ಹೆಸರು ಹುಡುಕಿ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ನನ್ನನ್ನು ನೋಡದೆ, ಗಾಡಿಯನ್ನು ನೋಡುತ್ತ, "ಗಾಡಿ ದಿನಾ ಹೊಸಪೇಟಿಗೆ ಹೊಕ್ಕೈತಿ. ಕಾಲೇಜು ಹಾದ್ಯಾಗ ಐತಿ" ಎಂದ.

ನಾನು ಸರ್ಟಿಫಿಕೇಟನ್ನು ಅಜ್ಜಿಯ ಕಡೆ ಚಾಚಿದೆ. ಅವಳು ಬಕೆಟ್ಟಿನ ನೀರಿನಲ್ಲಿ ಕೈ ತೊಳೆದು, ಸೆರಗಿನಲ್ಲಿ ಒರೆಸಿ, ಬೆರಳು ಒಣಗಿದವೋ ಎಂದು ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ತೆಗೆದುಕೊಂಡಳು. ಎದೆಗೆ ಆನಿಸಿಕೊಂಡು, ತೆರೆದ ಬಾಗಿಲ ಹೊಸ್ತಿಲ ಮೇಲೆ ಕುಳಿತು, ಪಕ್ಕದಲ್ಲಿ ನನಗೂ ಜಾಗ ಮಾಡಿದಳು.

"ಈಗ ಹೇಳವಾ ನನ ಕೂಸ," ಎಂದಳು, "ಪರೀಕ್ಷಿ ಹೆಂಗಿತ್ತು?"