ಗವರ್ನರರ ತಮ್ಮನಿಗೆ ಹೊದಿಸಿದ ಶಾಲು

ಮೊನ್ನೆ ಕ್ಯಾಂಪಿನ ಮೆಸ್ಸಿನಲ್ಲಿ ಯಾರೋ ಬ್ಯಾಡಗಿ ಮೆಣಸು ಹುರಿದರು. ಘಾಟು ಮೂಗಿಗೆ ಬಡಿದದ್ದೇ ತಡ, ಮೆಕ್ಸಿಕೋದ ಆ ಇಂಜಿನಿಯರ್ ನೆನಪಾದರು… ನಾನು ಸೌದಿಯ ಅಲ್ ಖಫ್ಜಿಗೆ ಸ್ಟೋರ್‌ಕೀಪರ್ ಆಗಿ ಬಂದ ಹೊಸತರಲ್ಲಿ ಪಕ್ಕದ ಕೋಣೆಯಲ್ಲಿದ್ದವರು. ನಾನು ಊರಿಂದ ತಂದ ಮೆಣಸನ್ನು ಸುಟ್ಟು, ಟೊಮೇಟೊ ಜೊತೆ ಅರೆದು, ಖುಬ್ಬೂಸ್ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದರು. ನನ್ನನ್ನು ಖಾರದಲ್ಲಿ ಸೋಲಿಸಿದ ವಿದೇಶಿ ಅವರೊಬ್ಬರೇ.

ಒಂದು ಸಂಜೆ ತಮ್ಮ ಅಣ್ಣನ ಕಥೆ ಹೇಳಿದರು. ಅಣ್ಣ ಊರಿನ ಮೇಯರ್ ಆದಾಗ ಯಾರೋ ಮನೆಯ ನಾಯಿಯನ್ನು ಕೊಂದು ಗೇಟಿಗೆ ಕಟ್ಟಿದ್ದರಂತೆ. ಶಾಸಕನಾದಾಗ ಡ್ರೈವರ್ ಕಾಣೆಯಾದ. ಈಗ ಅಣ್ಣ ರಾಜ್ಯದ ಗವರ್ನರ್. ಅಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಜನರೇ ಆರಿಸುವುದು. ಪೊಲೀಸರು ಅವನ ಕೈಯಲ್ಲಿ, ವೈರಿಗಳು ಬೆನ್ನ ಹಿಂದೆ. ಇವರ ಮಗಳು ಅದೇ ರಾಜ್ಯದಲ್ಲಿ ತಾಯಿಯ ಮನೆತನದ ಹೆಸರಿಟ್ಟುಕೊಂಡು ಓದುತ್ತಿದ್ದಳು. ಅವಳು ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ನಿನಗೊಬ್ಬನಿಗೇ ಹೇಳಿದ್ದು” ಎಂದರು.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ! ವಾರದೊಳಗೆ ನಮ್ಮ ಕರಾವಳಿ ಗೆಳೆಯರಿಗೆಲ್ಲ ತಿಳಿಯಿತು. “ಅಣ್ಣ ಗವರ್ನರ್ ಅಂತೆ ಮಾರಾಯ, ಸುಮ್ಮನೆ ಬಿಡ್ಲಿಕ್ಕೆ ಆಗ್ತದಾ? ಒಂದು ಶಾಲಾದ್ರೂ ಹಾಕುವ” ಎಂದರು. ಶುಕ್ರವಾರ ಊಟಕ್ಕೆಂದು ಕರೆದು, ಇಂಗ್ಲಿಷಿನಲ್ಲಿ ‘ಗವರ್ನರ್ ಸಹೋದರರಿಗೆ ಸನ್ಮಾನ’ ಎಂಬ ಬ್ಯಾನರಿನ ಕೆಳಗೆ ಕೂರಿಸಿದೆವು. ಅವರು ಬೇಡ, ಬೇಡ ಎಂದು ಎದ್ದರು. ನಮ್ಮಲ್ಲಿ ಸನ್ಮಾನಿತರು ಬೇಡ ಎನ್ನುವುದು ರೂಢಿ ತಾನೇ? ಸಂಕೋಚವೆಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದೆವು. ಶಾಲು, ಪೇಟ, ಹಣ್ಣಿನ ಬುಟ್ಟಿ. ಫೋಟೊ ತೆಗೆದವನೂ ನಾನೇ, ಅವರ ಪೂರ್ತಿ ಹೆಸರಿನೊಂದಿಗೆ ಆನ್‌ಲೈನ್‌ಗೆ ಹಾಕಿದವನೂ ನಾನೇ.

ಐದನೇ ದಿನ ಸ್ಟೋರಿಗೆ ಬಂದು ಫೋನು ತೋರಿಸಿದರು. ಯಾರೋ ಅಪರಿಚಿತರು ಹೆಸರಿನ ಜಾಡು ಹಿಡಿದು ಆ ಫೋಟೊವನ್ನು ಅವರ ಮಗಳಿಗೆ ಕಳಿಸಿದ್ದರು. ಕೆಳಗೆ ಒಂದೇ ಸಾಲು: ನಿನ್ನ ಅಪ್ಪನಿಗೆ ಪೇಟ ಚೆನ್ನಾಗಿ ಒಪ್ಪುತ್ತದೆ.

ಅವರು ಬೈಯಲಿಲ್ಲ. ತೆಗೆದುಹಾಕು ಎಂದಷ್ಟೇ ಹೇಳಿದರು. ತೆಗೆದೆ. ಅಷ್ಟರಲ್ಲಿ ಎಷ್ಟು ಜನ ಹಂಚಿಕೊಂಡಿದ್ದರೋ… ಮಗಳನ್ನು ಕರೆತರಲು ತುರ್ತು ರಜೆ ಹಾಕಿ ಅವರು ಹೊರಟುಹೋದರು.

ಮೂರು ವಾರದ ಮೇಲೆ ಮಗಳ ಫೋನು ಬಂತು. ತಡೆತಡೆದು ಇಂಗ್ಲಿಷಿನಲ್ಲಿ ಮಾತಾಡಿದಳು. ಅಪ್ಪ ಅವಳನ್ನು ಚಿಕ್ಕಮ್ಮನ ಕಾರಿನಲ್ಲಿ ಗಡಿ ದಾಟಿಸಿದ್ದರು. ಅವರು ಹಿಂದಿನ ಕಾರಿನಲ್ಲಿದ್ದರು. ಆ ಕಾರು ಬರಲೇ ಇಲ್ಲ. ನಾನು ನಂಬಬಹುದಾದ ಗೆಳೆಯ ಎಂದು ಹೇಳಿ, ನನ್ನ ನಂಬರನ್ನು ಅವಳಿಗೆ ಬರೆದುಕೊಟ್ಟಿದ್ದರಂತೆ.

“ಆ ಫೋಟೊ ಹಾಕಿದ್ದು ಯಾರು, ನಿಮಗೆ ಗೊತ್ತಾ?” ಎಂದು ಕೇಳಿದಳು.

“ಗೊತ್ತಿಲ್ಲ” ಎಂದೆ.

ವರ್ಷಗಳೇ ಕಳೆದವು. ಗವರ್ನರ್ ಅವಧಿ ಮುಗಿಸಿ ಎಲ್ಲೋ ಆರಾಮವಾಗಿದ್ದಾನಂತೆ. ತಮ್ಮನ ಸುದ್ದಿ ಯಾರಿಗೂ ಇಲ್ಲ. ಪ್ರತಿ ಹೊಸ ವರ್ಷಕ್ಕೆ ಆ ಹುಡುಗಿ ನನಗೆ ಶುಭಾಶಯ ಕಳಿಸುತ್ತಾಳೆ, ಅಂಕಲ್ ಎಂದು ಕರೆಯುತ್ತಾಳೆ. ನಾನೂ ಉತ್ತರಿಸುತ್ತೇನೆ.